ಹನ್ನೊಂದನೇ ದಿನ ಇಲ್ಲದ ಮನೆ

"ಭಾಳ ಸ್ಲೋ ಐತಿ ಬಿಡ್ರಿ." "ಅಳುನೇ ಬರ್ಲಿಲ್ಲ." "ಕೊನಿಗೆ ಏನೂ ಆಗ್ಲೇ ಇಲ್ವಲ್ಲ?" ಸಾವು ಕಂಡ ಮನೆಯ ಕತೆ ಹೇಳುವ ಸಿನಿಮಾ ಆಗಲಿ, ನಾಟಕ ಆಗಲಿ, ದಾವಣಗೆರೆಯಲ್ಲಿ ನೋಡಿ ಎದ್ದು ಬಂದವರ ಮಾತು ಹೆಚ್ಚು ಕಡಿಮೆ ಈ ಮೂರರ ಸುತ್ತಲೇ ತಿರುಗುತ್ತದೆ. ಅಚ್ಚಾಗುವ ವಿಮರ್ಶೆಯೂ ಇದನ್ನೇ ಇಸ್ತ್ರಿ ಮಾಡಿ ಹೇಳುತ್ತದೆ: ನಿರೂಪಣೆ ಮಂದ, ಭಾವ ತಟ್ಟುವುದಿಲ್ಲ, ಅಂತ್ಯ ಅಪೂರ್ಣ. ಈ ಮಾತುಗಳು ಸುಳ್ಳು ಎಂದು ಹೇಳುತ್ತಿಲ್ಲ. ಕಾಡುವುದು ಬೇರೆಯೇ ಒಂದು ಸಂಗತಿ. ಇದೇ ಜನ ನಿಜವಾದ ಸಾವಿನ ಮನೆಯನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತಾರೆ! ಓಣಿಯಲ್ಲಿ ಒಬ್ಬರು ತೀರಿಕೊಂಡರು ಅಂದರೆ ಶಾಮಿಯಾನಕ್ಕೆ ಯಾರು ಹೇಳಬೇಕು, ತಾಯಿಯ ಪಕ್ಕ ಯಾರು ಕೂರಬೇಕು, ದೂರದ ಊರಿನ ಮಗಳಿಗೆ ಫೋನಿನಲ್ಲಿ "ಹುಷಾರಿಲ್ಲ, ಹೊರಟು ಬಾ" ಅಂತ ಮಾತ್ರ ಹೇಳಬೇಕೋ, ಇದ್ದದ್ದನ್ನೇ ಹೇಳಬೇಕೋ, ಎಲ್ಲವೂ ಹತ್ತು ನಿಮಿಷದಲ್ಲಿ ತೀರ್ಮಾನ ಆಗುತ್ತದೆ. ಯಾರಿಗೂ ಯಾರೂ ಕಲಿಸಿದ್ದಲ್ಲ.

ಮಣ್ಣಿಗೆ ಹೋಗಿ ವಾಪಸ್ ಬರುವಾಗಿನ ಮಾತು ಕೇಳಬೇಕು. ಬೈಕಿನ ಹಿಂದೆ ಕೂತವರು, ಟೆಂಪೋದಲ್ಲಿ ನಿಂತವರು ಆಡುವ ಮಾತು. "ದೊಡ್ಡ ಮಗ ಭಾಳ ಅತ್ತ, ಆದ್ರ ಗುಂಡಿ ತೋಡಿದೋರಿಗೆ ಊಟ ಆತೋ ಇಲ್ಲೋ ಅಂತ ಕೇಳಿದ್ದು ಸಣ್ಣವ. ಅವನ ಕಣ್ಣಾಗ ಒಂದು ಹನಿ ಇಲ್ಲ ನೋಡು." "ಸೊಸಿ ಒಳಗ ಕುಂತಿರಲಿಲ್ಲ, ಹಿತ್ಲಾಗ ಬಿಂದಿಗಿ ತೊಳೀತಿದ್ಲು. ಅಕಿಗೇ ಹೆಚ್ಚು ಹತ್ತಿತ್ತು." ಅತ್ತವನಿಗಿಂತ ಅಳದವನನ್ನು ನೋಡುವ ಕಣ್ಣು, ಮಾತಿಗಿಂತ ಕೈ ಏನು ಮಾಡುತ್ತಿತ್ತು ಎಂದು ಗಮನಿಸುವ ಕಣ್ಣು ಇದು. ಶೋಕದ ಕತೆಯನ್ನು ವಿಮರ್ಶೆ ಮಾಡುವವರಿಗೆ ಬೇಕಾದದ್ದು ಇದೇ. ಥಿಯೇಟರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಂತೆ ಇದನ್ನು ಬಿಟ್ಟು ಒಳಗೆ ಹೋಗಿ, "ಎಷ್ಟು ಸಲ ಅಳು ಬಂತು" ಎಂಬ ಒಂದೇ ಅಳತೆಗೋಲು ಹಿಡಿದು ಕೂರುವುದು ಯಾಕೆ ಎನ್ನುವುದು ಈ ಬರಹದ ಪ್ರಶ್ನೆ.

ಕೈಗೆ ಸಿಗುವ ಒಂದು ಉದಾಹರಣೆ ಬೇಕು. ಕೆನೆತ್ ಲೋನರ್ಗನ್ ಬರೆದು ನಿರ್ದೇಶಿಸಿದ 'ಮ್ಯಾಂಚೆಸ್ಟರ್ ಬೈ ದಿ ಸೀ' ಎಂಬ 2016ರ ಅಮೆರಿಕನ್ ಸಿನಿಮಾ ಇಟ್ಟುಕೊಳ್ಳೋಣ. ಅದರ ಮೇಲೆ ಬಂದಷ್ಟು ಬಗೆಬಗೆಯ ಪ್ರತಿಕ್ರಿಯೆ ಇತ್ತೀಚಿನ ಶೋಕದ ಕುಟುಂಬಕತೆಗಳಲ್ಲಿ ಅಪರೂಪ. ಆರು ಆಸ್ಕರ್ ನಾಮನಿರ್ದೇಶನ, ಅದರಲ್ಲಿ ಎರಡು ಪ್ರಶಸ್ತಿ: ಮುಖ್ಯ ನಟ ಕೇಸಿ ಆಫ್ಲೆಕ್‌ಗೆ ಒಂದು, ಲೋನರ್ಗನ್ ಚಿತ್ರಕತೆಗೆ ಒಂದು. ಹೊಗಳಿಕೆ ಹೇರಳ. ಜೊತೆಗೆ ಮೂರು ದೂರುಗಳೂ ಗಟ್ಟಿಯಾಗಿ ನಿಂತವು: ಸಂಗೀತ ಅತಿಯಾಯಿತು, ಹೆಂಗಸರಿಗೆ ಜಾಗವಿಲ್ಲ, ಕತೆಯ ನಾಯಕ ಕೊನೆಗೂ ಚೇತರಿಸಿಕೊಳ್ಳುವುದಿಲ್ಲ. ನಮ್ಮೂರಿನ ಮೂರು ಮಾತಿಗೂ ಈ ಮೂರು ದೂರಿಗೂ ನಂಟಿದೆ.

ಮಣ್ಣು ಒಪ್ಪದ ಊರು

ಕತೆ ಗೊತ್ತಿದ್ದವರಿಗೆ ನೆನಪಿರುತ್ತದೆ. ಲೀ ಎಂಬಾತ ಬೋಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ ಬಾಡಿಗೆ ಮನೆಗಳ ನಲ್ಲಿ, ಕಕ್ಕಸು ರಿಪೇರಿ ಮಾಡಿಕೊಂಡು ಒಂದೇ ಕೋಣೆಯಲ್ಲಿ ಬದುಕುತ್ತಿರುತ್ತಾನೆ. ಅಣ್ಣನ ಹೃದಯ ನಿಂತಿತೆಂಬ ಸುದ್ದಿ ಬಂದು ಹುಟ್ಟೂರಿಗೆ ಹೋಗುತ್ತಾನೆ. ಅಲ್ಲಿ ಚಳಿಗಾಲ. ಸ್ಮಶಾನದ ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿದೆ, ಅಗೆಯಲು ಆಗುವುದಿಲ್ಲ. ವಸಂತ ಬಂದು ನೆಲ ಸಡಿಲಾಗುವ ತನಕ ಅಣ್ಣನ ದೇಹ ಶೀತಲ ಪೆಟ್ಟಿಗೆಯಲ್ಲಿ ಇರಬೇಕು.

ದಾವಣಗೆರೆ, ಚಿತ್ರದುರ್ಗದ ಕಡೆಯ ನೋಡುಗರಿಗೆ ಇಡೀ ಸಿನಿಮಾದಲ್ಲಿ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣಬೇಕಾದ್ದು ಇದು. ಇಲ್ಲಿ ಬೆಳಿಗ್ಗೆ ಜೀವ ಹೋದರೆ ಹೊತ್ತು ಮುಳುಗುವುದರೊಳಗೆ ಮಣ್ಣು. ಬೆಂಗಳೂರಿನ ಮಗ ಬರಬೇಕು ಅಂದರೆ ನಾಲ್ಕೈದು ತಾಸು ಕಾಯುತ್ತಾರೆ. ಆಮೇಲಿನದಕ್ಕೆಲ್ಲ ಲೆಕ್ಕ ಇದೆ. ಜಾತಿಗೊಂದು, ಮನೆತನಕ್ಕೊಂದು ಪದ್ಧತಿ. ಕೆಲವರಲ್ಲಿ ಮೂರನೇ ದಿನ ಹಾಲು-ತುಪ್ಪ, ಕೆಲವರಲ್ಲಿ ಹನ್ನೊಂದಕ್ಕೆ ತಿಥಿ, ಲಿಂಗಾಯತರ ಮನೆಯಲ್ಲಿ ಶಿವಗಣಾರಾಧನೆ. ಸೂತಕವನ್ನೇ ಒಪ್ಪದ ಶರಣ ಪರಂಪರೆಯವರಿಗೂ ಬಂಧುಗಳನ್ನು ಕರೆದು ಉಣ್ಣಿಸುವ ಒಂದು ದಿನ ಇದ್ದೇ ಇದೆ. ಶೋಕ ಅನ್ನುವುದು ಒಂದು ಮೆಟ್ಟಿಲಿನಂತೆ. ಇಳಿಯುವವನಿಗೆ ಕಣ್ಣು ಮಂಜಾಗಿದ್ದರೂ ಕಾಲಿಗೆ ಮುಂದಿನ ಮೆಟ್ಟಿಲು ತಾನಾಗಿ ಸಿಗುತ್ತದೆ. ಲೀ ಮತ್ತು ಅವನ ಅಣ್ಣನ ಮಗ, ಹದಿನಾರರ ಪ್ಯಾಟ್ರಿಕ್, ಇಂಥ ಮೆಟ್ಟಿಲೇ ಇಲ್ಲದ ಮನೆಯಲ್ಲಿ ಒಂದು ಚಳಿಗಾಲ ಕಳೆಯುತ್ತಾರೆ. ನಾಯಕ ಚೇತರಿಸಿಕೊಳ್ಳಲಿಲ್ಲ ಎಂದು ಮನಸ್ಸಿನ ದಿಕ್ಕಿನಿಂದ ಮಾತ್ರ ವಿವರಿಸಿದರೆ ಅರ್ಧ ಸಿನಿಮಾ ಕೈತಪ್ಪುತ್ತದೆ. ಅವನಿಗೆ ಹನ್ನೊಂದನೇ ದಿನ ಸಿಗಲಿಲ್ಲ. ಇದನ್ನು ಹೇಳಲು ನಮ್ಮ ಕಡೆಯವರಷ್ಟು ಅರ್ಹರು ಇನ್ನಾರೂ ಇಲ್ಲ.

ಫ್ರೀಜರಿನ ದೃಶ್ಯ ನೋಡಿ. ರಾತ್ರಿ ಪ್ಯಾಟ್ರಿಕ್ ಅಡುಗೆಮನೆಯ ಫ್ರೀಜರ್ ಬಾಗಿಲು ತೆಗೆಯುತ್ತಾನೆ. ಒಳಗಿಟ್ಟ ಕೋಳಿಮಾಂಸದ ಪೊಟ್ಟಣಗಳು ಕೆಳಗೆ ಬೀಳುತ್ತವೆ. ತುರುಕುತ್ತಾನೆ, ಮತ್ತೆ ಬೀಳುತ್ತವೆ, ಬಾಗಿಲು ಮುಚ್ಚುವುದಿಲ್ಲ. ಅಲ್ಲಿಯವರೆಗೆ ಹಾಕಿ ಆಟ, ಗೆಳತಿಯರು, ಬ್ಯಾಂಡು ಎಂದು ಏನೂ ಆಗದವನಂತೆ ಓಡಾಡಿಕೊಂಡಿದ್ದ ಹುಡುಗನಿಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಲೀ ಒದ್ದು ತೆಗೆದು ಒಳಗೆ ಬರುತ್ತಾನೆ, ಅವನ ಹತ್ತಿರ ಕೂರುತ್ತಾನೆ. ಅಪ್ಪ ಫ್ರೀಜರಿನಲ್ಲಿ ಇರುವುದು ಹುಡುಗನಿಗೆ ಬೇಡ. ಅಷ್ಟೇ ವಿಷಯ. ಈಗೀಗ ನಮ್ಮ ಊರುಗಳಲ್ಲೂ ಹೊರದೇಶದ ಮಗನಿಗೆ ಕಾಯುವ ಮನೆಯವರು ಗಾಜಿನ ಮುಚ್ಚಳದ ಫ್ರೀಜರ್ ಬಾಕ್ಸ್ ಬಾಡಿಗೆಗೆ ತರಿಸುತ್ತಾರೆ. ಅದರ ಕಂಪ್ರೆಸರ್ ಇಡೀ ರಾತ್ರಿ ಗುಂಯ್ ಅನ್ನುತ್ತಿರುತ್ತದೆ. ಗಾಜಿನ ಮೇಲೆ ಬೆವರಿನಂತೆ ನೀರು ಕೂರುತ್ತದೆ. ಮನೆಯ ಯಾರೋ ಒಬ್ಬರು ಟವೆಲ್ ಹಿಡಿದು ಅರ್ಧ ತಾಸಿಗೊಮ್ಮೆ ಒರೆಸುತ್ತಾರೆ, ಮುಖ ಕಾಣಲಿ ಅಂತ. ಕರೆಂಟ್ ಹೋದರೆ ಎಲ್ಲರ ಕಣ್ಣೂ ಒಮ್ಮೆಲೇ ಆ ಪೆಟ್ಟಿಗೆ ಕಡೆಗೆ. ಆ ಟವೆಲ್ಲನ್ನು ಕಂಡವರಿಗೆ ಪ್ಯಾಟ್ರಿಕ್‌ನ ಪೊಟ್ಟಣಗಳು ಯಾಕೆ ಒಳಗೆ ಹೋಗುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ "ಹುಡುಗನ ಅಳು ದಿಢೀರ್ ಬಂತು, ತಯಾರಿ ಇರಲಿಲ್ಲ" ಎಂದು ಬರೆದುಬಿಡುವುದು ಸುಲಭ. ತಯಾರಿ ಇತ್ತು. ಮಣ್ಣು ಗಟ್ಟಿಯಾಗಿದೆ ಎಂಬ ಮಾತು ಬಂದಾಗಲೇ ಶುರುವಾಗಿತ್ತು.

ನಿಧಾನ ಬೇರೆ, ಸಡಿಲ ಬೇರೆ

'ಸ್ಲೋ' ಎಂಬ ಒಂದೇ ಪದದಲ್ಲಿ ಕನಿಷ್ಠ ಮೂರು ಬೇರೆ ಬೇರೆ ದೂರುಗಳು ಸೇರಿಕೊಂಡಿರುತ್ತವೆ. ಬಿಡಿಸದೆ ಬರೆದರೆ ವಿಮರ್ಶೆ ಮಾಡಿದವರಿಗೂ ಪ್ರಯೋಜನವಿಲ್ಲ, ಕಲಾವಿದರಿಗೂ ಇಲ್ಲ.

ಒಂದು, ದೃಶ್ಯ ನಿಜಕ್ಕೂ ಸಡಿಲವಾಗಿರುವುದು. ಪರೀಕ್ಷೆ ಸರಳ: ಆ ದೃಶ್ಯದಿಂದ ಒಂದು ನಿಮಿಷ ಕತ್ತರಿಸಿದೆವು ಅಂದುಕೊಂಡು ಮುಂದಿನ ದೃಶ್ಯವನ್ನು ನೆನೆಸಿಕೊಳ್ಳಬೇಕು. ಮುಂದಿನದಕ್ಕೆ ಏನೂ ಊನ ಆಗದಿದ್ದರೆ ಅದು ಸಡಿಲ. ಲೀ ಮೊದಲ ಭಾಗದಲ್ಲಿ ಒಂದರ ಹಿಂದೊಂದು ಮನೆಗೆ ಹೋಗಿ ಸೋರುವ ನಲ್ಲಿ ನೋಡುತ್ತಾನೆ, ಕಟ್ಟಿಕೊಂಡ ಕಕ್ಕಸು ಬಿಡಿಸುತ್ತಾನೆ, ಹಿಮ ತೆಗೆಯುತ್ತಾನೆ. ಇದೇ ಸಿನಿಮಾದ ಅತಿ ನಿಧಾನದ ಭಾಗ ಎಂದು ಅನಿಸುವುದು ಸಹಜ. ಕತ್ತರಿಸಿ ನೋಡಿ. ಮುಂದೆ ಅಣ್ಣನ ಸಾವಿನ ನಂತರದ ಕೆಲಸಗಳನ್ನು ಅವನು ಹೆಚ್ಚು ಮಾತಿಲ್ಲದೆ ಮಾಡುವಾಗ, ಕೆಲಸವೇ ಅವನಿಗೆ ಉಳಿದ ಏಕೈಕ ಭಾಷೆ ಎಂದು ನಮಗೆ ಗೊತ್ತಾಗುವುದೇ ಇಲ್ಲ. ಅಂದರೆ ಆ ಭಾಗ ನಿಧಾನವೇ ಹೊರತು ಸಡಿಲವಲ್ಲ.

ಎರಡು, ಮಾತೇ ಕೇಳಿಸದಿರುವುದು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಿತ್ರಮಂದಿರದಲ್ಲಿ ಸದ್ದು ಏರಿಸಿ ಇಳಿಸುವ ಪ್ರೊಸೆಸರಿನಲ್ಲಿ ಸರಿಯಾದ ಅಳತೆಯ ಗುರುತು 7. ಸಿನಿಮಾದ ಶಬ್ದ ಮಿಶ್ರಣ ಮಾಡುವವರು ಆ 7ನ್ನು ನಂಬಿಯೇ ಪಿಸುಮಾತು ಎಷ್ಟಿರಬೇಕು, ಕೋಣೆಯ ನಿಶ್ಶಬ್ದ ಎಷ್ಟಿರಬೇಕು ಎಂದು ಹೊಂದಿಸಿರುತ್ತಾರೆ. ಹೊಡೆದಾಟದ ಸಿನಿಮಾ ಬಂದಾಗ ಕಿವಿ ಹರಿಯುತ್ತದೆ ಎಂದು ಜನ ದೂರಿದರೆ ಆಪರೇಟರ್ ಅದನ್ನು 5ಕ್ಕೆ ಇಳಿಸಿ ಹಾಗೇ ಬಿಡುತ್ತಾರೆ. ಎರಡು ಗುರುತು ಅಂದರೆ ಸುಮಾರು 6-7 ಡೆಸಿಬೆಲ್ ಕಡಿಮೆ. ಹೊಡೆದಾಟಕ್ಕೆ ಅದರಿಂದ ಏನೂ ನಷ್ಟವಿಲ್ಲ. ಶೋಕದ ಕತೆಯಲ್ಲಿ ತಾಯಿ ಬಾಗಿಲ ಹಿಂದೆ ಆಡುವ ಅರ್ಧ ಮಾತು, ಗಡಿಯಾರದ ಸದ್ದು, ಪಕ್ಕದ ಕೋಣೆಯ ಕೆಮ್ಮು ಎಲ್ಲವೂ ಫ್ಯಾನಿನ, ಎ.ಸಿ.ಯ ಸದ್ದಿನೊಳಗೆ ಮುಳುಗಿಹೋಗುತ್ತವೆ. ಪರದೆಯ ಮೇಲೆ ಏನೋ ನಡೆಯುತ್ತಿದೆ, ಕಿವಿಗೆ ಏನೂ ಬೀಳುತ್ತಿಲ್ಲ. ನೋಡುವವರಿಗೆ ಅದೇ ಬೇಸರವಾಗಿ, 'ಸ್ಲೋ' ಆಗಿ ತಟ್ಟುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ನೋಡಿದವರ ಪಾಡು ಇನ್ನೂ ಕಷ್ಟ. ಇಂಥ ಸಿನಿಮಾ ಬಗ್ಗೆ ಬರೆಯುವವರು ಬರೆಯುವ ಮೊದಲು ಒಮ್ಮೆ ಇಯರ್‌ಫೋನ್ ಹಾಕಿ ನೋಡಲೇಬೇಕು.

ಮೂರು, ಅಡಿಬರಹ. ಸಬ್‌ಟೈಟಲಿನಲ್ಲಿ ಒಮ್ಮೆಗೆ ಎರಡೇ ಸಾಲು, ಇಂಗ್ಲಿಷಿನಲ್ಲಾದರೆ ಒಂದು ಸಾಲಿಗೆ ನಲವತ್ತೆರಡರ ಆಸುಪಾಸು ಅಕ್ಷರ. ಲೋನರ್ಗನ್ ಬರೆಯುವ ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ಲೀ ಮತ್ತು ಅವನ ಹಿಂದಿನ ಹೆಂಡತಿ ರ‍್ಯಾಂಡಿ ರಸ್ತೆಯಲ್ಲಿ ಎದುರಾಗುವ ದೃಶ್ಯದಲ್ಲಿ ಇಬ್ಬರೂ ಯಾವ ವಾಕ್ಯವನ್ನೂ ಮುಗಿಸುವುದಿಲ್ಲ. ಅವಳು ಕ್ಷಮೆ ಕೇಳಲು ಹೊರಡುತ್ತಾಳೆ, ಇವನು ಅದನ್ನು ತಡೆಯಲು ಹೊರಡುತ್ತಾನೆ, ಮಾತು ಮಾತಿಗೆ ಡಿಕ್ಕಿ ಹೊಡೆಯುತ್ತದೆ. ಅಡಿಬರಹ ಅದನ್ನೆಲ್ಲ ಸಾಲಾಗಿ ಜೋಡಿಸಿ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಎಂಬಂತೆ ತೋರಿಸುತ್ತದೆ. ಓದುತ್ತಾ ನೋಡುವವರಿಗೆ ಸಾಧಾರಣ ಮಾತುಕತೆ ಸಿಗುತ್ತದೆ. ಉಸಿರುಗಟ್ಟಿದ ಆ ತಳ್ಳಾಟ ಸಿಗುವುದಿಲ್ಲ. ಈ ಒಂದು ದೃಶ್ಯವನ್ನು ಅಡಿಬರಹ ಮುಚ್ಚಿ ಇನ್ನೊಮ್ಮೆ ನೋಡಿದರೆ, ಭಾಷೆ ಪೂರ್ತಿ ತಿಳಿಯದಿದ್ದರೂ ಹೆಚ್ಚು ಅರ್ಥವಾಗುತ್ತದೆ.

ಪೆಟ್ಟಿಗೆ ಮತ್ತು ಪಿಟೀಲು

ಸಂಗೀತದ ದೂರಿಗೆ ಬರೋಣ. ಸಿನಿಮಾದ ನಡುಭಾಗದಲ್ಲಿ ಲೀಯ ಹಿಂದಿನ ಬದುಕು ತೆರೆದುಕೊಳ್ಳುತ್ತದೆ. ರಾತ್ರಿ ಬೆಂಕಿಗೂಡಿಗೆ ಸೌದೆ ಹಾಕಿ, ಅದರ ಮುಂದಿನ ಜಾಲರಿ ಇಡಲು ಮರೆತು, ಬಿಯರ್ ತರಲು ನಡೆದು ಹೋಗಿರುತ್ತಾನೆ. ವಾಪಸ್ ಬರುವಷ್ಟರಲ್ಲಿ ಮನೆ ಹೊತ್ತಿ ಉರಿಯುತ್ತಿರುತ್ತದೆ, ಮೂರು ಮಕ್ಕಳು ಒಳಗೆ. ಈ ಭಾಗದ ಮೇಲೆ ನಿರ್ದೇಶಕರು ಇಟಲಿಯ ಹಳೆಯ ಸಂಗೀತಗಾರ ಅಲ್ಬಿನೋನಿಯ ಹೆಸರಿನಲ್ಲಿ ಪ್ರಸಿದ್ಧವಾದ ಅಡಾಜಿಯೋ ಎಂಬ ನಿಧಾನ ಲಯದ ಸಂಗೀತ ಹರಿಸಿದ್ದಾರೆ. (ಅದನ್ನು ಬರೆದದ್ದು ರೆಮೋ ಜಿಯಾಜೊಟ್ಟೋ, ಪ್ರಕಟವಾದದ್ದು 1958ರಲ್ಲಿ.) ಹತ್ತಾರು ಸಿನಿಮಾ, ಜಾಹೀರಾತುಗಳಲ್ಲಿ ಸವೆದ ಸಂಗೀತ ಅದು. ಇಷ್ಟು ಸಂಯಮದ ಸಿನಿಮಾ ಇಲ್ಲೊಂದೆಡೆ ನಮ್ಮ ಕತ್ತು ಹಿಡಿದು ಅಳಿಸುತ್ತದೆ ಎಂದು ಕೆಲವರು ಬರೆದರು. ಒಪೆರಾದ ಹಾಗೆ ಎತ್ತರದಲ್ಲಿ ನಿಲ್ಲುವುದೇ ಸರಿ ಎಂದು ಇನ್ನು ಕೆಲವರು.

ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಾದ ದಾವಣಗೆರೆಯವರಿಗೆ ಈ ಜಗಳ ಬೇರೆ ಬಗೆಯಲ್ಲಿ ಕೇಳಿಸಬೇಕು. ಕಂಪನಿ ನಾಟಕದಲ್ಲಿ ಸಂಗೀತ ಎಂದೂ ಅಡಗಿ ಕೂತದ್ದಿಲ್ಲ. ರಂಗದ ಮುಂದೆಯೇ ಹಾರ್ಮೋನಿಯಂ ಪೆಟ್ಟಿಗೆ, ತಬಲಾ. ಮಗ ಸತ್ತ ತಾಯಿ ಹಾಡುತ್ತಾಳೆ, ಜನ ಕಣ್ಣೀರು ಒರೆಸಿಕೊಂಡು 'ಒನ್ಸ್ ಮೋರ್' ಅನ್ನುತ್ತಾರೆ, ಅವಳು ಮತ್ತೆ ಮೊದಲಿನಿಂದ ಹಾಡುತ್ತಾಳೆ. ಅದು ಮೋಸವಲ್ಲ. ಸತ್ತವರ ಗುಣಗಳನ್ನು ಹೇಳಿ ಹೇಳಿ, ರಾಗ ಎಳೆದು ಅಳುವ ನಮ್ಮ ಹೆಂಗಸರ ಅಳುವಿಗೂ ಅದಕ್ಕೂ ಹತ್ತಿರದ ಸಂಬಂಧ. ಆ ಅಳುವಿಗೆ ಒಂದು ಲಯ ಇದೆ, ಒಬ್ಬರು ನಿಲ್ಲಿಸಿದಾಗ ಇನ್ನೊಬ್ಬರು ಎತ್ತಿಕೊಳ್ಳುವ ಕ್ರಮ ಇದೆ. ಹಾಗಾಗಿ "ಸಂಗೀತ ಜೋರಾಯಿತು" ಎಂಬುದೊಂದೇ ನಮ್ಮ ತಕರಾರು ಆಗಲಾರದು. ಕೇಳಬೇಕಾದ್ದು: ಸಂಗೀತ ಹರಿಯುವಾಗ ಚಿತ್ರ ಏನು ಮಾಡುತ್ತಿದೆ? ಅದನ್ನೇ ಹೇಳುತ್ತಿದೆಯೋ, ಬೇರೆ ಏನನ್ನೋ?

ಬೆಂಕಿ ಆರಿದ ಮೇಲೆ ರ‍್ಯಾಂಡಿಯನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಆಂಬುಲೆನ್ಸಿಗೆ ಏರಿಸುತ್ತಾರೆ. ಸ್ಟ್ರೆಚರಿನ ಕಾಲುಗಳು ಮಡಚಿಕೊಳ್ಳುವುದಿಲ್ಲ. ಸಿಬ್ಬಂದಿ ತಳ್ಳುತ್ತಾರೆ, ಎತ್ತುತ್ತಾರೆ, ಮತ್ತೆ ತಳ್ಳುತ್ತಾರೆ. ಜಗತ್ತೇ ಮುಳುಗಿಹೋದ ಗಳಿಗೆಯಲ್ಲಿ ಒಂದು ಕಬ್ಬಿಣದ ಕೀಲು ಕೈಕೊಡುತ್ತದೆ. ಮೇಲೆ ಪಿಟೀಲುಗಳು ಮುಗಿಲು ಮುಟ್ಟುತ್ತಿರಲಿ. ಕೆಳಗೆ ಆ ಕಾಲುಗಳು ಮಡಚುತ್ತಿಲ್ಲ. ಹೆಣ ಎತ್ತುವ ಹೊತ್ತಿಗೆ ಚಟ್ಟದ ಹಗ್ಗ ಗಂಟು ಬಿದ್ದು ನಾಲ್ಕು ಜನ ಬಗ್ಗಿ ಬಿಡಿಸುವುದನ್ನು ಕಂಡವರಿಗೆ, ಮೆರವಣಿಗೆ ಮುಂದೆ ಎರಚಲು ತಂದ ಮಂಡಕ್ಕಿ ಚೀಲ ಯಾರ ಕೈಯಲ್ಲಿತ್ತು ಎಂದು ಗಾಬರಿಯಲ್ಲಿ ಹುಡುಕುವುದನ್ನು ಕಂಡವರಿಗೆ ಈ ಗಳಿಗೆ ಗೊತ್ತು. ಸಂಜೆ ಮಿರ್ಚಿ ಜೊತೆ ತಿನ್ನುವ ಅದೇ ಮಂಡಕ್ಕಿ. ನನ್ನ ತೀರ್ಪು ಇಷ್ಟು: ಅಡಾಜಿಯೋ ಅಗತ್ಯಕ್ಕಿಂತ ಉದ್ದವಾಯಿತು, ಕೊನೆಯ ಭಾಗ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅದು ನಮಗೆ ಏನು ಅನಿಸಬೇಕೆಂದು ಹೇಳಿಕೊಡುತ್ತದೆ ಎಂಬ ದೂರು ನಿಲ್ಲುವುದಿಲ್ಲ. ಕಣ್ಣಿಗೆ ಕಾಣುವುದು ಕಿವಿಗೆ ಕೇಳುವುದನ್ನು ಒಪ್ಪುತ್ತಿಲ್ಲ.

ಹೆಂಗಸರಿಗೆ ಜಾಗವಿಲ್ಲ ಎಂಬ ದೂರನ್ನು ಮಾತ್ರ ಪೂರ್ತಿ ಒಪ್ಪಬೇಕು. ಮೂರು ಮಕ್ಕಳನ್ನು ಹೆತ್ತವಳಿಗೆ ಸಿನಿಮಾ ಆ ರಸ್ತೆಯ ದೃಶ್ಯ ಬಿಟ್ಟರೆ ಹೆಚ್ಚೇನೂ ಕೊಡುವುದಿಲ್ಲ. ಇಲ್ಲಿ ಸಾವಿನ ಮನೆಗೆ ಮಾತಾಡಿಸಲು ಹೋದವರು ಚಪ್ಪಲಿ ಬಿಡುತ್ತಲೇ ಕೇಳುವ ಮೊದಲ ಮಾತು "ತಾಯಿ ಎಲ್ಲಿ?" ಆ ಪ್ರಶ್ನೆ ಸಿನಿಮಾದಲ್ಲಿ ತುಂಬ ತಡವಾಗಿ ಬರುತ್ತದೆ.

ಕಸಕ್ಕೆ ಹೋದ ತಿಂಡಿ

ತಾಯಿಯನ್ನು ನಡುವೆ ಕೂರಿಸಿದ ಕತೆಗೆ ಏನಾಯಿತು ಎಂದು ನೋಡಲು 1980ರ 'ಆರ್ಡಿನರಿ ಪೀಪಲ್' ಇದೆ. ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶಿಸಿದ ಮೊದಲ ಸಿನಿಮಾ. ಅತ್ಯುತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್. ಅದೇ ವರ್ಷ ಮಾರ್ಟಿನ್ ಸ್ಕೋರ್ಸೆಸಿಯ ಸಿನಿಮಾ 'ರೇಜಿಂಗ್ ಬುಲ್' ಇದರೆದುರು ಸೋತಿತು ಎಂಬ ಸಿಟ್ಟು ಆಮೇಲೆ ಈ ಸಿನಿಮಾದ ಹೆಗಲೇರಿತು. ಪ್ರಶಸ್ತಿಯ ಲೆಕ್ಕದಲ್ಲಿ ಒಂದು ಶೋಕದ ಕತೆ ತನ್ನ ಯೋಗ್ಯತೆಗಿಂತ ಮೇಲೂ ಹೋಗಿ ಕೆಳಗೂ ಬಂದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ದೊಡ್ಡ ಮಗ ದೋಣಿ ದುರಂತದಲ್ಲಿ ಮುಳುಗಿದ್ದಾನೆ. ಚಿಕ್ಕವ ಕಾನ್ರಾಡ್ ಆತ್ಮಹತ್ಯೆಗೆ ಯತ್ನಿಸಿ ಬದುಕಿ ಆಸ್ಪತ್ರೆಯಿಂದ ಬಂದಿದ್ದಾನೆ. ತಾಯಿ ಬೆತ್ ಬೆಳಿಗ್ಗೆ ಅವನಿಗೆ ಇಷ್ಟವಾದ ತಿಂಡಿ ಮಾಡಿ ಇಡುತ್ತಾಳೆ. ಹಸಿವಿಲ್ಲ ಅನ್ನುತ್ತಾನೆ. ಅವಳು ತಟ್ಟೆ ಎತ್ತಿಕೊಂಡು ಹೋಗಿ ಸಿಂಕಿನ ಕಸ ಅರೆಯುವ ಯಂತ್ರಕ್ಕೆ ಸುರಿದುಬಿಡುತ್ತಾಳೆ. ಕೆಲವೇ ಸೆಕೆಂಡುಗಳ ಕೆಲಸ. ಮುಂದೆ ಒಂದು ಕಡೆ ಅವಳ ಕೈಯಿಂದ ಪಿಂಗಾಣಿ ತಟ್ಟೆ ಬಿದ್ದು ಒಡೆಯುತ್ತದೆ. ಆ ಚೂರುಗಳನ್ನು ಜೋಡಿಸಿ ಹಿಡಿದು, ಸೀಳು ನೇರವಾಗಿದೆ, ಅಂಟಿಸಬಹುದು ಅನ್ನುತ್ತಾಳೆ. ತಟ್ಟೆಯನ್ನು ಉಳಿಸಲು ಹೊರಟ ಕೈ ಮಗನ ಪಾಲಿನ ತಿಂಡಿಯನ್ನು ಉಳಿಸಲಿಲ್ಲ. ಬೆತ್ ಅಂದರೆ ಕಲ್ಲೆದೆಯ ತಾಯಿ, ಕತೆಯ ಖಳನಾಯಕಿ ಎನ್ನುವ ಓದು ಬಹಳ ದಿನ ಚಾಲ್ತಿಯಲ್ಲಿತ್ತು. ಅವಳು ಎಲ್ಲೂ ಬಿಕ್ಕಿ ಅಳುವುದಿಲ್ಲ ಎಂಬುದೇ ಅದಕ್ಕೆ ಆಧಾರ. ಹಿತ್ತಲಲ್ಲಿ ಬಿಂದಿಗೆ ತೊಳೆಯುತ್ತಿದ್ದ ಸೊಸೆಯನ್ನು ಸರಿಯಾಗಿ ಓದಿದ ಕಣ್ಣು ಇಲ್ಲಿದ್ದರೆ ಬೆತ್‌ಳ ಆ ಎರಡು ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿತ್ತು. ಅನ್ನ ಚೆಲ್ಲಬಾರದು ಎಂದು ಬೆಳೆದ ನಮ್ಮವರಿಗೆ ಅವಳ ಮೇಲೆ ಸಿಟ್ಟು ಬರುವುದು ಖಂಡಿತ. ಆ ಸಿಟ್ಟನ್ನು ಬರೆಯಲಿ, ಜೊತೆಗೆ ತಟ್ಟೆಯ ಚೂರನ್ನೂ ಬರೆಯಲಿ. 'ಮರಣವೇ ಮಹಾನವಮಿ' ಎಂದ ಶರಣರ ನೆಲದಲ್ಲಿ ಅಳದವರೆಲ್ಲ ಕಲ್ಲೆದೆಯವರು ಎಂಬ ತೀರ್ಪು ಬೇಗ ಬರಬಾರದು.

ನಮ್ಮದೇ 'ತಿಥಿ'ಗೆ ಇದರ ತಿರುವುಮುರುವಾದ ಪ್ರತಿಕ್ರಿಯೆ ಸಿಕ್ಕಿತು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಚಿನ್ನದ ಚಿರತೆ ಪ್ರಶಸ್ತಿ ಗೆದ್ದು, ಆಮೇಲೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆದ ರಾಮ್ ರೆಡ್ಡಿ ಸಿನಿಮಾ. ಮಂಡ್ಯ ಕಡೆಯ ಹಳ್ಳಿಯಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿವರೆಗಿನ ಕತೆ. ಎಲ್ಲರೂ ನಕ್ಕರು, ಹಾಸ್ಯಚಿತ್ರ ಎಂದು ಹೊಗಳಿದರು. ಶೋಕ ಎಲ್ಲಿದೆ ಎಂದು ಯಾರೂ ಕೇಳಬೇಕಾಗಲಿಲ್ಲ, ಯಾಕೆಂದರೆ ಅದನ್ನು ದಿನದ ಲೆಕ್ಕವೇ ಹೊತ್ತಿತ್ತು. ಜಮೀನು, ಊಟ, ಕುರಿ ಎಂದು ಮೊಮ್ಮಗ, ಮರಿಮಗ ಓಡಾಡುತ್ತಾರೆ. ಮಗ ಗಡ್ಡಪ್ಪ ಮಾತ್ರ ಯಾವ ಲೆಕ್ಕಕ್ಕೂ ಸಿಗದೆ ಹೊಲಗದ್ದೆ ಅಲೆಯುತ್ತಾನೆ, ಕೊನೆಗೆ ಕುರಿಗಾಹಿಗಳ ಬೆಂಕಿಯ ಮುಂದೆ ತನ್ನ ಹಳೆಯ ನೋವನ್ನು ಹೇಳಿಕೊಳ್ಳುತ್ತಾನೆ. ಲೀಗೆ ಹನ್ನೊಂದನೇ ದಿನವೇ ಇರಲಿಲ್ಲ. ಗಡ್ಡಪ್ಪನಿಗೆ ಇತ್ತು, ಅವನೇ ಬೇಡವೆಂದು ಎದ್ದು ಹೋದ. ಎರಡನ್ನೂ ಒಂದೇ ವಾರ ನೋಡಿದರೆ ಎರಡೂ ಚೆನ್ನಾಗಿ ತೆರೆದುಕೊಳ್ಳುತ್ತವೆ.

ಬರೆಯುವವರಿಗೆ

ನಾಲ್ಕು ನೂರು ಪದದ ವಿಮರ್ಶೆಯಲ್ಲಿ ಕತೆಯ ಸಾರಾಂಶವೇ ಇನ್ನೂರೈವತ್ತು ನುಂಗುವುದು ಸಾಮಾನ್ಯ ರೋಗ. ಶೋಕದ ಕತೆಯಲ್ಲಿ ಕತೆ ಎರಡು ವಾಕ್ಯಕ್ಕಿಂತ ಹೆಚ್ಚು ಇರುವುದಿಲ್ಲ. ಯಾರು ಸತ್ತರು, ಯಾರು ಉಳಿದರು. ಎಪ್ಪತ್ತು ಪದದಲ್ಲಿ ಮುಗಿಸಿ ಉಳಿದದ್ದನ್ನು ಒಂದೇ ದೃಶ್ಯಕ್ಕೆ ಕೊಡುವುದು ಒಳ್ಳೆಯದು. ಎರಡು ಸಲ ನೋಡಲು ಸಾಧ್ಯವಿದ್ದರೆ ಮೊದಲ ಸಲ ಪೆನ್ನು ಮುಟ್ಟಬಾರದು. ಎರಡನೇ ಸಲ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದುಕೊಳ್ಳಿ: ಎಡಕ್ಕೆ ಸಮಯ, ಬಲಕ್ಕೆ ಪಾತ್ರದ ಕೈ ಏನು ಮಾಡುತ್ತಿದೆ ಎಂಬುದು. ಮಾತು ಬರೆದುಕೊಳ್ಳಬೇಡಿ, ಅದು ನೆನಪಿರುತ್ತದೆ. ಸಂಗೀತ ಕಣ್ಣೀರಿಗಿಂತ ಮೊದಲು ಬಂತೋ ಆಮೇಲೆ ಬಂತೋ, ಒಂದು ಬಾಣದ ಗುರುತು ಹಾಕಿ. ಸತ್ತವರ ಹೆಸರನ್ನು ಮನೆಯವರು ಎಷ್ಟು ಸಲ ಬಾಯಿಬಿಟ್ಟು ಹೇಳುತ್ತಾರೆ ಎಂದು ಎಣಿಸಿ. ನಿಜವಾದ ಮನೆಯಲ್ಲಿ ಮೊದಲ ವಾರ ಹೆಸರು ಬರುವುದಕ್ಕಿಂತ "ಅವರು", "ಅವ" ಎಂಬುದೇ ಹೆಚ್ಚು, ಮಾತು ಬರೆದವರಿಗೆ ಇದು ಗೊತ್ತಿದೆಯೋ ಇಲ್ಲವೋ ಆ ಎಣಿಕೆಯಲ್ಲೇ ತಿಳಿಯುತ್ತದೆ. ಆ ರಾತ್ರಿಯೇ ಬರೆದು ಕಳಿಸುವುದು ಬೇಡ. ಅಳು ಬಂದ ರಾತ್ರಿ ಎಲ್ಲವೂ ಶ್ರೇಷ್ಠ ಅನಿಸುತ್ತದೆ, ಬರದ ರಾತ್ರಿ ಎಲ್ಲವೂ ಒಣ. ಬೆಳಿಗ್ಗೆ ಎದ್ದಾಗ ಯಾವ ವಸ್ತು ಕಣ್ಣ ಮುಂದೆ ಉಳಿದಿದೆಯೋ, ಟವೆಲ್ಲೋ ಸ್ಟ್ರೆಚರೋ ತಟ್ಟೆಯೋ, ಅಲ್ಲಿಂದ ಶುರು ಮಾಡಿ.

ಹವ್ಯಾಸಿ ತಂಡಗಳ ನಾಟಕಕ್ಕೆ ಬರೆಯುವವರಿಗೆ ಇನ್ನೊಂದೆರಡು ಮಾತು. ನಮ್ಮ ಕಡೆಯ ಶೋಕದ ನಾಟಕಗಳು ಸೋಲುವುದು ನಟನೆಯಲ್ಲಿ ಕಡಿಮೆ, ಸಜ್ಜಿನಲ್ಲಿ ಹೆಚ್ಚು. ಪ್ರತಿ ದೃಶ್ಯಕ್ಕೂ ಪೂರ್ತಿ ಕತ್ತಲು ಮಾಡುತ್ತಾರೆ. ಕತ್ತಲಾದಾಗಲೆಲ್ಲ ಜನ ಮೊಬೈಲ್ ತೆಗೆಯುತ್ತಾರೆ, ಕಟ್ಟಿದ ಭಾರ ಇಳಿದುಹೋಗುತ್ತದೆ. ನೆನಪಿನ ದೃಶ್ಯ ಅಂದರೆ ನೀಲಿ ಬೆಳಕು, ಹೊಗೆ. ಹತ್ತು ಸೆಕೆಂಡು ಮೌನ ಬಂದರೆ ಮಾತು ಮರೆತರೆಂದು ಗಾಬರಿಯಾಗಿ ಸೈಡ್‌ವಿಂಗಿನಿಂದ ಯಾರೋ ಕೊಳಲಿನ ಟ್ರ್ಯಾಕ್ ಹಾಕುತ್ತಾರೆ. ಸಾಣೇಹಳ್ಳಿಯಂಥ ಬಯಲು ರಂಗಮಂದಿರದಲ್ಲಿ ಆಡುವಾಗ ಮೌನಕ್ಕೆ ತಾನಾಗಿ ಒಂದು ಬಣ್ಣ ಬರುತ್ತದೆ, ದೂರದ ನಾಯಿಯ ಬೊಗಳು, ಗಾಳಿ. ಅದನ್ನು ನಂಬಬಹುದು. 1997ರಿಂದ ಸಾಣೇಹಳ್ಳಿಯ ತಿರುಗಾಟದ ತಂಡ ಶಿವಸಂಚಾರದ ನಾಟಕಗಳನ್ನು ನೋಡುತ್ತ ಬಂದ ಊರುಗಳ ಜನಕ್ಕೆ ಮೌನದಲ್ಲಿ ಕೂರುವುದು ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಆ ಫೋಟೋ. ಹಿಂದಿನ ಗೋಡೆಯಲ್ಲಿ ಸತ್ತವರ ದೊಡ್ಡ ಚಿತ್ರ, ಗಂಧದ ಹಾರ, ಕೆಳಗೆ ಕೆಂಪು ಬಲ್ಬು, ಮೇಲೊಂದು ಸ್ಪಾಟ್‌ಲೈಟ್. ತೆರೆ ಏಳುತ್ತಲೇ ಎಲ್ಲ ಹೇಳಿ ಮುಗಿದಿರುತ್ತದೆ. ನಟರು 90 ನಿಮಿಷ ಆ ಫೋಟೋ ಜೊತೆ ಸೆಣಸಬೇಕು. ಲೀಯ ಕೋಣೆಯಲ್ಲೂ ಫೋಟೋಗಳಿವೆ, ಮೂರು. ಅಣ್ಣನ ಊರಿಗೆ ಸಾಮಾನು ಒಯ್ಯುವಾಗ ಒಂದೊಂದನ್ನೇ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಾನೆ. ಅಲ್ಲಿ ಹೋಗಿ ಮತ್ತೆ ನಿಲ್ಲಿಸುತ್ತಾನೆ. ಒಮ್ಮೆ ಪ್ಯಾಟ್ರಿಕ್ ಆ ಕೋಣೆಗೆ ಬಂದು ಅವುಗಳನ್ನು ನೋಡುತ್ತಾನೆ, ನೋಡಿ ಸುಮ್ಮನಾಗುತ್ತಾನೆ. ನಮಗೆ ಕಾಣುವುದು ಚೌಕಟ್ಟುಗಳ ಬೆನ್ನು ಮಾತ್ರ. ಯಾರ ಮುಖ ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ವಸಂತ ಬಂದ ಮೇಲೆ ಮಣ್ಣು ಸಡಿಲಾಗುತ್ತದೆ, ಅಣ್ಣನನ್ನು ಮಣ್ಣು ಮಾಡುತ್ತಾರೆ. ಲೀ ಆ ಊರಲ್ಲಿ ಇರಲಾರ. ಹುಡುಗ ಕುಟುಂಬದ ಸ್ನೇಹಿತನ ಮನೆಯಲ್ಲಿ ಉಳಿಯುತ್ತಾನೆ. ಇಬ್ಬರೂ ಏರು ಹತ್ತುತ್ತಾ, ಸಿಕ್ಕಿದ ಒಂದು ಚೆಂಡನ್ನು ನೆಲಕ್ಕೆ ಬಡಿದು ಹಿಡಿಯುತ್ತಾ ನಡೆಯುತ್ತಾರೆ. ಬೋಸ್ಟನ್ನಿನಲ್ಲಿ ಇನ್ನೊಂದು ಕೋಣೆ ಇರುವ ಮನೆ ಹುಡುಕುತ್ತಿದ್ದೇನೆ ಎಂದು ಲೀ ಹೇಳುತ್ತಾನೆ. ಯಾಕೆ ಎಂದು ಹುಡುಗ ಕೇಳುತ್ತಾನೆ. ನೀನು ಬಂದರೆ ಇರಲಿ ಅಂತ.